ಕೈಗೆ ರಜೆ

ನಮ್ಮ ಬೆಂಚಿನಲ್ಲಿ ದಿನ ಶುರುವಾಗುವುದೇ ಕಿತ್ತುಹಾಕುವುದರಿಂದ. ಕೆಲಸಕ್ಕೆ ಬಾರದ ಒಂದು ಚಿಪ್ ತೆಗೆದುಕೊಂಡು, ಅದರ ಮೇಲೆ ಕೂದಲಿಗಿಂತ ತೆಳ್ಳಗಿನ ಅಲ್ಯೂಮಿನಿಯಂ ತಂತಿಗಳನ್ನು ಒಂದೊಂದಾಗಿ ಬೆಸೆಯುತ್ತೇವೆ. ಆಮೇಲೆ ಪ್ರತಿ ತಂತಿಯ ಕೆಳಗೂ ಸಣ್ಣ ಕೊಕ್ಕೆ ತೂರಿಸಿ ಎಳೆದು ಕೀಳುತ್ತೇವೆ. ತಂತಿ ತುಂಡಾಗಿ, ಬೆಸೆದ ಅದರ ಎರಡೂ ತುದಿ, ನಾವು ಪಾದ ಎನ್ನುವುದು, ಚಿಪ್ಪಿಗೆ ಕಚ್ಚಿಕೊಂಡೇ ಉಳಿದರೆ ಅಂದು ಕೈ ಸರಿಯಿದೆ ಎಂದರ್ಥ. ತಂತಿ ತುಂಡಾಗದೆ ಪಾದವೇ ಎದ್ದು ಬಂದರೆ ಅಂದು ಅಸಲಿ ಚಿಪ್ಪಿನ ಹತ್ತಿರ ಕೂರಿಸುವುದಿಲ್ಲ.

ನನಗೆ ಈ ಕೀಳುವ ಕೆಲಸ ಮೊದಲಿನಿಂದಲೂ ಇಷ್ಟ. ಬಸ್ಸಿನಲ್ಲಿ ಯಾರ ಮೇಲೋ ಬಂದ ಸಿಟ್ಟು, ಫೋನಿನಲ್ಲಿ ಗಂಡನ ಜೊತೆ ಅರ್ಧಕ್ಕೆ ನಿಂತ ಜಗಳ, ಎಲ್ಲವನ್ನೂ ಆ ಕೊಕ್ಕೆಯ ತುದಿಯಲ್ಲಿ ತೀರಿಸಿಕೊಳ್ಳುತ್ತೇನೆ. ಮೈಕ್ರೋಸ್ಕೋಪಿನೊಳಗೆ ತಂತಿ ಮೊದಲು ಬಿಗಿಯುತ್ತದೆ, ಸ್ವಲ್ಪ ತೆಳುವಾಗುತ್ತದೆ, ಆಮೇಲೆ ಪಟ್ಟನೆ ಹೋಗುತ್ತದೆ. ಸದ್ದೇ ಇಲ್ಲ. ಸದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ನಾನು ಧಾರವಾಡದ ಕಡೆಯವಳು. ಅಪ್ಪ ಗರಡಿಯಲ್ಲಿ ಬೆಳೆದ ಪೈಲ್ವಾನ. ಅವನ ಭುಜ ನನಗೆ ಬಂದಿದೆ, ಅಂಗೈ ಬಂದಿದೆ, ಮೂಗಿನ ತುದಿಯ ಸಿಟ್ಟೂ ಬಂದಿದೆ. ಇಷ್ಟು ದೊಡ್ಡ ಕೈಯಲ್ಲಿ ಅಷ್ಟು ಸಣ್ಣ ಕೆಲಸ ಹೇಗಮ್ಮಾ ಎಂದು ಕೇಳದವರಿಲ್ಲ. ಗಂಡನಿಗೆ ಅಂಬಲಮುಗಳಿನ ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿ ಕೆಲಸವಾಗಿ ನಾವು ಕೊಚ್ಚಿಗೆ ಬಂದಾಗ, ಪಾಲಾರಿವಟ್ಟಂನಲ್ಲಿ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಸಣ್ಣ ಕಂಪನಿಯೊಂದರಲ್ಲಿ ಇದನ್ನು ಕಲಿತೆ. ಯಂತ್ರ ಹೊಲಿಗೆ ಯಂತ್ರಕ್ಕಿಂತ ದೊಡ್ಡದೇನಲ್ಲ. ಮೇಲೆ ಮೈಕ್ರೋಸ್ಕೋಪು, ಅದರ ಕೆಳಗೆ ಒಂದು ಗಟ್ಟಿ ಮೊನೆ, ಮೊನೆಯ ತೂತಿನಲ್ಲಿ ತಂತಿ. ಬಲಗೈಯಲ್ಲಿ ಒಂದು ಹಿಡಿ. ಅದನ್ನು ಸರಿಸಿದರೆ ಚಿಪ್ ಅದಕ್ಕಿಂತ ಎಷ್ಟೋ ಕಡಿಮೆ ಸರಿಯುತ್ತದೆ. ಮೊನೆ ಇಳಿದು ತಂತಿಯನ್ನು ಚಿಪ್ಪಿಗೆ ಒತ್ತಿ ಹಿಡಿದು, ಕಿವಿಗೆ ಕೇಳದಷ್ಟು ವೇಗದಲ್ಲಿ ಅದುರಿಸಿ ಉಜ್ಜುತ್ತದೆ. ಬೆಂಕಿಯಿಲ್ಲ, ಅಂಟಿಲ್ಲ, ಉಜ್ಜಾಟಕ್ಕೇ ಎರಡು ಲೋಹ ಒಂದಾಗುತ್ತವೆ. ಅದುರುವುದು ಯಂತ್ರದ ಕೆಲಸ. ನಮ್ಮ ಕೈ ಮಾತ್ರ ಅದುರಬಾರದು.

ಆ ಕಂಪನಿಯ ಮಾಲೀಕ, ಪಾದ ಎದ್ದಿತೆಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುವ ಆಸಾಮಿ. ಒಮ್ಮೆ ಅವನೆಸೆದ ಚಿಮುಟ ನನ್ನ ಮುಂಗೈಗೆ ನೆಟ್ಟು ನಿಂತಿತು. ಕಿತ್ತು ಅದರಿಂದಲೇ ಅವನ ಮೇಜಿನ ಗಾಜು ಒಡೆದು, ಕೆಲಸ ಬಿಟ್ಟು ಕೆಳಗಿಳಿದು ಬಂದೆ. ಬಟ್ಟೆ ಅಂಗಡಿಯವನು ನನ್ನ ಕೈಯ ರಕ್ತ ನೋಡಿ ಒಂದು ತುಂಡು ತೆಳು ಹತ್ತಿ ಬಟ್ಟೆ ಕೊಟ್ಟ. ಆಮೇಲೆ ತಿರುವನಂತಪುರದ ಕೇಂದ್ರ ಸರ್ಕಾರದ ಪ್ರಯೋಗಾಲಯವೊಂದರಲ್ಲಿ ಇದೇ ಕೆಲಸ ಸಿಕ್ಕಿತು. ಗಂಡ ಕೊಚ್ಚಿಯಲ್ಲೇ ಉಳಿದ. ವಾರದ ಕೊನೆಗೆ ಅವನೋ ನಾನೋ ರೈಲು ಹತ್ತುತ್ತಿದ್ದೆವು.

ಆ ಬೆಂಚಿನಲ್ಲಿ ನನಗಿಂತ ಮೊದಲೇ ಇದ್ದವಳು ಚೇಚಿ. ಚೇಚಿ ಎಂದರೆ ಅಕ್ಕ. ತಿರುವನಂತಪುರದ ಪಕ್ಕದ ವಿಳಿಂಜಂನ ಮೀನುಗಾರರ ಮನೆಯ ಹೆಣ್ಣು, ನನ್ನ ಭುಜದವರೆಗೂ ಬಾರದ ಸಣ್ಣ ಆಳು. ಮಾತು ಕಡಿಮೆ, ಆಡಿದರೆ ಚಾಕು. ಅವಳ ತಾಯಿ ಅವಳ ಹೆಸರಿಗೇ ಬರೆದಿಟ್ಟ ಮನೆಯ ಮಹಡಿಯನ್ನು ನನಗೆ ಬಾಡಿಗೆಗೆ ಕೊಟ್ಟಳು. ಅವಳು ಮಲಯಾಳದಲ್ಲಿ ಆಡಿದ್ದು ನನ್ನ ಕಿವಿಗೆ ಯಾವಾಗಲೂ ನಮ್ಮೂರ ಮಾತಾಗಿಯೇ ಇಳಿಯುತ್ತಿತ್ತು, ಹಾಗಾಗಿ ಇಲ್ಲಿ ಅವಳ ಬಾಯಲ್ಲಿ ಧಾರವಾಡದ ಕನ್ನಡವನ್ನೇ ಹಾಕುತ್ತಿದ್ದೇನೆ. ಗೊತ್ತಾದರೆ ಬೈಯುತ್ತಾಳೆ, ಬೈಯಲಿ.

ಮೊದಲ ದಿನವೇ ಅವಳು ಕೈಯ ನಿಯಮಗಳನ್ನು ಹೇಳಿಕೊಟ್ಟಳು. ಬೆಂಚಿಗೆ ಕೂರುವ ಮೊದಲು ಚಹಾ ಇಲ್ಲ. ನೀರಿನ ಕ್ಯಾನ್ ಎತ್ತಬಾರದು, ಗ್ಯಾಸ್ ಸಿಲಿಂಡರ್ ಉರುಳಿಸಬಾರದು. ಕಲ್ಲಿನ ಮೇಲೆ ಬಟ್ಟೆ ಒಗೆಯಬಾರದು. ತೆಂಗಿನಕಾಯಿ ತುರಿಯಬಾರದು. ಅರ್ಧ ಕಾಯಿ ತುರಿದ ಕೈ ಸಂಜೆಯ ತನಕ ಒಳಗೊಳಗೇ ನಡುಗುತ್ತಿರುತ್ತದೆ, ನಮಗೆ ಗೊತ್ತಾಗದಿದ್ದರೂ ಮೈಕ್ರೋಸ್ಕೋಪಿಗೆ ಗೊತ್ತಾಗುತ್ತದೆ. ನಾನು ನಕ್ಕು, ಈ ಕೇರಳದಲ್ಲಿ ಕಾಯಿ ತುರಿಯದೆ ಬದುಕುವುದು ಹೇಗೆ ಎಂದು ಕೇಳಿದೆ.

“ತುರಿದ ಕಾಯಿ ಪ್ಯಾಕೆಟ್ಟಿನಾಗ ಸಿಗ್ತದ. ಗಂಡನ ಕಡೆ ಬೈಸಿಕೊಂಡು ತರೂದು, ಬೈಸಿಕೊಂಡು ಹಾಕೂದು,” ಎಂದಳು.

ಬೈಸಿಕೊಳ್ಳುವುದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಮಹಡಿಗೆ ಹೋದ ಮೇಲೆ ಕೆಳಗಿನ ಸದ್ದು ಕೇಳಿದೆ. ಅವಳ ಗಂಡ ಬಂದರಿನ ಕಡೆ ಲಾರಿ ಓಡಿಸುವವನು. ಮೀನಿನ ಸಾರಿಗೆ ಪ್ಯಾಕೆಟ್ ಕಾಯಿ ಹಾಕಿದರೆ ಒಂದು ನೆಪ, ಹಾಕದಿದ್ದರೆ ಇನ್ನೊಂದು ನೆಪ. ಮೊದಲು ತಟ್ಟೆ ಗೋಡೆಗೆ ಬಡಿಯುವುದು, ಆಮೇಲೆ ಬಾಗಿಲು, ಆಮೇಲೆ ಅವಳು. ಅವಳ ದನಿ ಮಾತ್ರ ಒಮ್ಮೆಯೂ ಕೇಳುತ್ತಿರಲಿಲ್ಲ. ಮರುದಿನ ಧೂಳು ಸೇರದ ಕ್ಲೀನ್ ರೂಮಿಗೆ ಹೋಗುವ ಮುನ್ನ ಬಟ್ಟೆ ಬದಲಿಸುವಲ್ಲಿ ನೋಡಿದರೆ ಬೆನ್ನಿನ ಮೇಲೆ, ತೋಳಿನ ಮೇಲೆ, ಕತ್ತಿನ ಕೆಳಗೆ ಹೆಪ್ಪುಗಟ್ಟಿದ ನೀಲಿ. ಅದರ ಮೇಲೆ ಬಿಳಿ ಮೇಲಂಗಿ, ತಲೆಗೆ ಟೊಪ್ಪಿಗೆ, ಬಾಯಿಗೆ ಮಾಸ್ಕು. ಕಣ್ಣೆರಡರ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಕೂತು ಕೊಕ್ಕೆ ಹಾಕಿ ಎಳೆದರೆ ತಂತಿ ತುಂಡು, ಪಾದ ಗಟ್ಟಿ. ಅಂಥ ಕೈ ಅವಳದು.

ನಾನು ನೋಡಿದೆ, ಕೈಯ ಮೇಲೆ ಒಂದೂ ಕಲೆಯಿಲ್ಲ. ಆ ನಾಯಿಮಗ ಲೆಕ್ಕ ಹಾಕಿ ಹೊಡೆಯುತ್ತಿದ್ದ. ಕೈಯಿಂದ ಸಂಬಳ ಬರುತ್ತದೆ, ಕೈ ಬಿಟ್ಟು ಉಳಿದದ್ದೆಲ್ಲ ತನ್ನದು ಎಂದುಕೊಂಡಿದ್ದ.  ಪೊಲೀಸರ ಹತ್ತಿರ ಹೋಗೋಣ ಎಂದೆ. ಒಮ್ಮೆ ಹೋಗಿದ್ದಳಂತೆ. ಅವರು ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳಿ ಕಳಿಸಿದರಂತೆ, ಅಂದು ಮನೆಗೆ ಬಂದ ಮೇಲೆ ಇವನು ಆ ಬುದ್ಧಿಗೆ ಬಡ್ಡಿ ಸೇರಿಸಿ ಹೊಡೆದನಂತೆ. ಮನೆ ಬಿಟ್ಟು ಬಾ ಎಂದೆ. “ಮನಿ ನಂದು. ನಾ ಯಾಕ ಹೋಗ್ಲಿ?” ಎಂದಳು.

“ಹಂಗಾರ ತಿರುಗಿ ಹೊಡಿ.”

ಅವಳು ತನ್ನ ಬಲಗೈ ಎತ್ತಿ ನನ್ನ ಮುಖದ ಮುಂದೆ ಹಿಡಿದಳು. ಚೂರೂ ಅಲುಗದ ಕೈ. “ಇದರಿಂದ ಹೊಡೀಲಾ? ಹೊಡೆದು, ನಾಳೆ ಪಾದ ಎದ್ದರ? ಎರಡು ಸಲ ಎದ್ದರ ಬೆಂಚಿನಿಂದ ಎಬ್ಬಿಸಿ ಸ್ಟೋರಿನಾಗ ಡಬ್ಬಿ ಎಣಸಾಕ ಹಾಕ್ತಾರ. ಅವ ಬರಲಾರದ ಜಾಗ ನನಗ ಅದೊಂದ ಐತಿ, ಮೋಳೆ.” ಮೋಳೆ ಎಂದರೆ ಮಗಳೇ.

ಅವಳಿಗೆ ಬೆಂಚು ಎಂದರೆ ಬರೀ ಕೆಲಸವಲ್ಲ ಎಂದು ನನಗೆ ಅರ್ಥವಾದದ್ದು ಆಗ. ಎರಡು ಬಾಗಿಲು, ಗಾಳಿ ಊದುವ ಕೋಣೆ, ಕಾವಲುಗಾರ, ಇವೆಲ್ಲದರ ಒಳಗೆ ಕೂತಾಗ ಅವಳ ಮೈಗೆ ಯಾರೂ ಕೈ ಹಾಕುವಂತಿರಲಿಲ್ಲ.

ಒಂದು ಭಾನುವಾರ ನೀರಿನ ಮೋಟಾರ್ ಹಾಕಲು ಕೆಳಗಿಳಿದೆ. ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕದಲ್ಲಿ ಅವನು ಅವಳ ಜುಟ್ಟು ಹಿಡಿದು, ಮೊಣಕೈಯಿಂದ ಬೆನ್ನಿಗೆ ಗುದ್ದುತ್ತಿದ್ದ. ಮೀನಿನ ಸಾರು ನೆಲದ ಮೇಲೆಲ್ಲ ಹರಿದಿತ್ತು. ಅವಳು ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡಿದ್ದಳು. ಗುದ್ದು ಬಿದ್ದಾಗ ಯಾರೇ ಆದರೂ ತಲೆಗೆ ಕೈ ಅಡ್ಡ ಕೊಡುತ್ತಾರೆ. ಇವಳು ತಲೆ ಕೊಟ್ಟಳು, ಕೈ ಕೊಡಲಿಲ್ಲ. ಹಣೆ ಕಲ್ಲಿಗೆ ತಾಗಿದರೂ ಕೈ ಹೊರಗೆ ಬರಲಿಲ್ಲ.

ಅದನ್ನು ನೋಡಿದ ಮೇಲೆ ನನಗೆ ಬೇರೇನೂ ಕಾಣಲಿಲ್ಲ. ಹೋಗಿ ಅವನ ಅಂಗಿ ಹಿಡಿದು ತಿರುಗಿಸಿ ದವಡೆಗೆ ಒಂದು ಬಿಟ್ಟೆ. ಅಪ್ಪನ ಭುಜವೆಲ್ಲ ಆ ಏಟಿನಲ್ಲಿತ್ತು. ಅವನು ಕಲ್ಲಿನ ಮೇಲೆ ಮಗುಚಿ ಬಿದ್ದ, ಬಾಯಿಂದ ರಕ್ತದ ಜೊತೆ ಒಂದು ಹಲ್ಲೂ ಬಂತು. ಎದ್ದು ನನ್ನ ಮೇಲೆ ಬಂದ. ಇನ್ನೊಂದು ಕೊಟ್ಟೆ, ಅದು ತಲೆಬುರುಡೆಗೆ ಬಿತ್ತು. ನನ್ನ ಕೈಯೊಳಗೆ ಒಣಕಟ್ಟಿಗೆ ಮುರಿದ ಹಾಗೆ ಏನೋ ಆಯಿತು. ಆದರೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಅವನು ಗೇಟು ದಾಟಿ ಓಡಿದ.

ಚೇಚಿ ಎದ್ದು ನಿಂತಳು. ಹಣೆಯ ರಕ್ತ ಹುಬ್ಬಿನ ಮೇಲೆ ಇಳಿಯುತ್ತಿತ್ತು. ನನ್ನನ್ನು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಊದಿಕೊಳ್ಳುತ್ತಿದ್ದ ನನ್ನ ಬಲಗೈ ನೋಡಿ, ಕಣ್ಣು ಕೆಂಪಗೆ ಮಾಡಿ ಕಿರುಚಿದಳು.

“ಯಾರು ಹೇಳಿದ್ರು ನಿನಗ? ಹೊಡಿಯಾಕ ನನಗ ಬರೂದಿಲ್ಲೇನ? ಸಣ್ಣಾಕಿದ್ದಾಗಿನಿಂದ ಮೀನಿನ ಬಲಿ ಎಳದಾಕಿ ನಾನು! ಕೈ ಹಾಳು ಮಾಡಿಕೊಂಡು ಬಂದೀಯಲ್ಲ, ಕತ್ತೆ!”

ನನಗೂ ಸಿಟ್ಟು ಬಂತು. ನಿನಗಾಗಿ ಕೈ ಮುರಿದುಕೊಂಡರೆ ನನಗೇ ಬೈಯುತ್ತೀಯಾ ಎಂದು ನಾನೂ ಕಿರುಚಿದೆ. ಅವಳು ಸಾರಿನ ತಪ್ಪಲೆಯನ್ನು ಕಾಲಿನಿಂದ ಒದ್ದು ಒಳಗೆ ಹೋದಳು.

ಕಿರುಬೆರಳಿನ ಕೆಳಗಿನ ಎಲುಬು ಮುರಿದಿತ್ತು. ಪಟ್ಟಿ ಕಟ್ಟಿಸಿಕೊಂಡು ಕೊಚ್ಚಿಗೆ ಹೋದೆ. ಗಂಡ ಬಾಗಿಲು ತೆಗೆದು ನೋಡಿದ.

“ಏನ್ ಮಾಡ್ಕೊಂಡಿ?”

“ಹೊಡದೆ.”

“ಯಾರಿಗೆ?”

“ಚೇಚಿ ಗಂಡಗ.”

“ಸತ್ತಾನೇನ?”

“ಇಲ್ಲ.”

“ಮತ್ತ ಕೈ ಯಾಕ ಮುರೀತು?” ಎಂದ. ಪೈಲ್ವಾನನ ಮಗಳ ಮರ್ಯಾದೆ ಹೋಯಿತು ಎನ್ನುವ ಹಾಗೆ ತಲೆಯಾಡಿಸಿ ಅನ್ನ ಕಲಸಿ ತಿನ್ನಿಸಿದ. ಅವನ ಮುಂದೆ ನಗುತ್ತಾ ತಿಂದೆ. ಅವನು ಪಾಳಿಗೆ ಹೋದ ಮೇಲೆ ಮನೆಯಲ್ಲಿ ಒಬ್ಬಳೇ ಕೂತು ಅತ್ತೆ. ನೋವಿಗಲ್ಲ. ಬೆಂಚಿನ ಮೇಲೆ ಅರ್ಧಕ್ಕೆ ನಿಂತಿದ್ದ ಕೆಲಸ ನೆನೆದು ಹೆದರಿಕೆಯಾಗಿತ್ತು.

ಉಪಗ್ರಹದಲ್ಲಿ ಮೇಲಕ್ಕೆ ಹೋಗಬೇಕಾದ ಒಂದು ಉಪಕರಣದ ಒಳಗಿನ ಚಿಪ್‌ಗಳಿಗೆ ನಾವು ತಂತಿ ಹಾಕುತ್ತಿದ್ದೆವು. ಆ ಚಿಪ್ ಬೇರೆ ಸಿಗುತ್ತಿರಲಿಲ್ಲ, ಇದ್ದದ್ದನ್ನು ಕೆಡಿಸಿದರೆ ಕೆಟ್ಟಿತು. ಅದಕ್ಕೆ ಕೈ ಹಾಕುವ ಅನುಮತಿ ಇದ್ದದ್ದು ನನಗೂ ಚೇಚಿಗೂ ಮಾತ್ರ. ನಾನು ಪಟ್ಟಿ ಕಟ್ಟಿಕೊಂಡ ಕೈ ಹಿಡಿದು ಪ್ರಯೋಗಾಲಯಕ್ಕೆ ಮರಳಿದಾಗ ನಮ್ಮ ಮೇಲಧಿಕಾರಿ, ಮೈಸೂರಿನ ಕಡೆಯವರು, ಕುರ್ಚಿಯಲ್ಲೇ ಕುಸಿದರು. ಮೆಟ್ಟಿಲಿನಿಂದ ಬಿದ್ದೆ ಎಂದು ನಾನು ಹೇಳಲಿಲ್ಲ, ಇದ್ದದ್ದನ್ನು ಹೇಳಿದೆ.

“ಅಲ್ಲಮ್ಮಾ, ಬಲಗೈಲಿ ಯಾಕೆ ಹೊಡೆದೆ? ಎಡಗೈ ಇರ್ಲಿಲ್ವಾ?” ಎಂದರು.

ಪೂರ್ತಿ ಕೆಲಸ ಚೇಚಿಯ ಒಂದು ಕೈಯ ಮೇಲೆ ಬಿತ್ತು. ಅದೇ ಹೊತ್ತಿಗೆ ಅವಳ ಗಂಡನೂ ಮನೆಗೆ ಮರಳಿದ್ದ. ಹಲ್ಲು ಹೋದ ಬಾಯಲ್ಲಿ ಹೊಸ ಮಾತು ಕಲಿತಿದ್ದ. ಇನ್ನು ಬೆನ್ನಿಗೆ ಹೊಡೆಯುವುದಿಲ್ಲ, ಆ ಕೈಯನ್ನೇ ಬಾಗಿಲ ಸಂದಿಯಲ್ಲಿಟ್ಟು ಮುಚ್ಚುತ್ತೇನೆ ಎನ್ನುತ್ತಿದ್ದ. ಬೆಂಚಿನಿಂದ ಎಬ್ಬಿಸಿದರೆ ಇವಳಿಗೆ ಹೋಗಲು ಜಾಗವಿಲ್ಲ ಎಂದು ಅವನಿಗೂ ತಿಳಿದಿತ್ತು. ನಾನು ಅವಳನ್ನು ಎಳೆದುಕೊಂಡು ಮಹಡಿಗೆ ತಂದು ಮಲಗಿಸಿಕೊಂಡೆ. ಬಾಗಿಲಿಗೆ ಒಳಗಿನಿಂದ ಅಲಮಾರು ಒತ್ತರಿಸಿದೆ. ಅವನು ಕೆಳಗಿನಿಂದ ಕಿಟಕಿಗೆ ಕಲ್ಲು ಹೊಡೆದು ಗಾಜು ಒಡೆದ. ಅವಳು ಕೈಗಳನ್ನು ಕಂಕುಳಲ್ಲಿಟ್ಟು ಗೋಡೆ ಕಡೆ ತಿರುಗಿ ಮಲಗಿದಳು. ನನ್ನ ಜೊತೆ ಮಾತು ಬಿಟ್ಟಿದ್ದಳು, ಅಗತ್ಯಕ್ಕಷ್ಟೇ ಬಾಯಿ ತೆರೆಯುತ್ತಿದ್ದಳು.

ಒಂದು ಬೆಳಗ್ಗೆ ಅವಳು ಸೀರೆ ತರಲು ಕೆಳಗೆ ಹೋದಾಗ ಅವನು ಹಿಡಿದ. ಮೆಟ್ಟಿಲ ಬುಡದಲ್ಲಿ ಅವಳ ಬಲಗೈ ಮಣಿಕಟ್ಟು ಹಿಡಿದು ಬಾಗಿಲ ಕಡೆ ಎಳೆಯುತ್ತಿದ್ದ. ಅವಳು ಅವನಿಗೆ ಹೊಡೆಯಲಿಲ್ಲ, ಕಚ್ಚಿದಳು. ಮುಂಗೈಯ ಮಾಂಸ ಹಲ್ಲಿಗೆ ಬರುವ ತನಕ ಕಚ್ಚಿದಳು. ಅವನು ಬಿಟ್ಟಾಗ ಪಕ್ಕೆಗೆ ಒಂದು ಒದೆ ತಿಂದು ಮೇಲೆ ಬಂದಳು. ಬಾಯಿ ಮುಕ್ಕಳಿಸಿ ಉಗುಳಿ, ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಅಂದು ಬೆಂಚಿನಲ್ಲಿ ಒಂದು ಪಾದ ಎದ್ದಿತು. ಅವಳನ್ನು ದಿನವಿಡೀ ಹೊರಗೆ ಕೂರಿಸಿದರು. ಇನ್ನೊಂದು ಸಲ ಎದ್ದರೆ ಮುಗಿಯಿತು.

ಮರುದಿನ ಎಲ್ಲ ಗಟ್ಟಿ. ಅದರ ಮರುದಿನವೂ ಗಟ್ಟಿ. ಪಕ್ಕೆ ನೋವಿಗೆ ಅವಳು ಎಡಕ್ಕೆ ವಾಲಿ ಕೂರುತ್ತಿದ್ದಳು. ನನಗೆ ಏನನ್ನೂ ಮುಟ್ಟಲು ಅನುಮತಿ ಇರಲಿಲ್ಲ, ಪಕ್ಕದಲ್ಲಿ ಕೂತು ಪರದೆಯ ಮೇಲೆ ಅವಳ ತಂತಿಗಳನ್ನು ನೋಡುತ್ತಿದ್ದೆ. ಒಂದೇ ಎತ್ತರದ ಕಮಾನುಗಳು. ಹೊಸಬರು ಹೆದರಿ ಹೆಚ್ಚು ಒತ್ತುತ್ತಾರೆ, ಒತ್ತಿದಷ್ಟೂ ಪಾದ ಚಪ್ಪಟೆಯಾಗಿ ಹಿಮ್ಮಡಿಯ ಹತ್ತಿರ ತಂತಿ ಸೀಳುತ್ತದೆ. ಅವಳ ಪಾದಗಳು ಬೇಕಾದಷ್ಟೇ ಅಗಲವಾಗಿದ್ದವು.

ಕೊನೆಯ ಚಿಪ್ಪಿನ ಕೊನೆಯ ಸಾಲಿನಲ್ಲಿ ಅವಳ ಕೈ ನಡುಗಿತು. ಪರದೆಯ ಮೇಲೆ ಮೊನೆ ಜಾಗದ ಮೇಲೆಯೇ ಅತ್ತಿತ್ತ ಓಲಾಡಿತು. ಇಳಿಸಿದ್ದರೆ ಚಿಪ್ ಕೆರೆದು ಹೋಗುತ್ತಿತ್ತು.  ಅವಳು ಹಿಡಿ ಬಿಟ್ಟಳು. ಬಿಳಿ ಮೇಲಂಗಿಯ ಮೇಲಿನಿಂದಲೇ ಎರಡೂ ಕೈ ಕಂಕುಳಿಗೆ ತುರುಕಿ ಕಣ್ಣು ಮುಚ್ಚಿ ಕೂತಳು. ಹಿತ್ತಲಿನಲ್ಲಿ ಕೂತಿದ್ದ ಹಾಗೆಯೇ ಕೂತಳು. ಮೇಲಧಿಕಾರಿ ಗಾಜಿನ ಆಚೆಯಿಂದ ನೋಡುತ್ತಿದ್ದರು. ಸುಮಾರು ಹೊತ್ತಾದ ಮೇಲೆ ಕೈ ಹೊರತೆಗೆದು ಹಿಡಿ ಹಿಡಿದಳು. ಮೊನೆ ಇಳಿಯಿತು, ಎದ್ದಿತು, ತಂತಿ ಕಮಾನಾಗಿ ಬಾಗಿತು, ಮತ್ತೆ ಇಳಿಯಿತು. ಉಳಿದವೂ ಹಾಗೆಯೇ ಮುಗಿದವು.

ಪರೀಕ್ಷೆಗಳಾಗಿ, ಮುಚ್ಚಳ ಬೆಸೆದು, ಪೆಟ್ಟಿಗೆ ಸೀಲಾಯಿತು. ಮೇಲಧಿಕಾರಿ ಲಾಡು ಹಂಚಿದರು. ಚೇಚಿ ಲಾಡು ತಿಂದು ಬೆರಳು ಒರೆಸಿಕೊಂಡು, “ಸಾರ್, ಸೋಮವಾರದ ತನಕ ನನಗ ರಜಾ ಬೇಕು,” ಎಂದಳು.

“ತಗೊಳ್ಳಮ್ಮಾ. ಮೈ ಹುಷಾರಿಲ್ವಾ?”

“ಮೈ ಚೊಲೋ ಐತಿ. ಕೈಗೆ ರಜಾ ಬೇಕು.”

ಮರುದಿನ ಬೆಳಗ್ಗೆ ನಾನಿನ್ನೂ ಮಹಡಿಯಲ್ಲೇ ಇದ್ದೆ. ಹಿತ್ತಲಿನಿಂದ ಧಪ್ ಧಪ್ ಎಂದು ಸದ್ದು. ಕಿಟಕಿಯಿಂದ ನೋಡಿದರೆ ಚೇಚಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಟ್ಟೆ ಒಗೆಯುತ್ತಿದ್ದಾಳೆ. ಅವಳು ಆ ಕಲ್ಲಿನ ಮೇಲೆ ಬಟ್ಟೆ ಒಗೆದದ್ದನ್ನು ನಾನು ಕಂಡೇ ಇರಲಿಲ್ಲ. ಆಮೇಲೆ ಅಡುಗೆ ಮನೆಯಿಂದ ಕಾಯಿ ತುರಿಯುವ ಸದ್ದು, ಒಂದು ಹೋಳಲ್ಲ, ಮನೆಯಲ್ಲಿದ್ದ ಕಾಯಿಯೆಲ್ಲ ತುರಿಯುತ್ತಿದ್ದಾಳೇನೋ ಎನ್ನುವಷ್ಟು. ರಜೆ ಹಾಕಿದವಳು ಮನೆಗೆಲಸಕ್ಕೆ ಬಿದ್ದಳಲ್ಲ ಎಂದುಕೊಂಡೆ. ಮತ್ತೆ ಹಿತ್ತಲಿನಲ್ಲಿ ಧಪ್ ಎಂದಿತು.

ಗೇಟು ಸದ್ದಾಯಿತು. ಅವನ ದನಿ ಕೇಳಿತು. ಆಮೇಲೆ ಏಟಿನ ಸದ್ದು. ಒಂದಾದ ಮೇಲೊಂದು, ಒದ್ದೆ, ಭಾರವಾದ ಏಟು. ಅಯ್ಯೋ, ಕೊಂದೇ ಬಿಟ್ಟ ಎಂದು ಪಟ್ಟಿಯ ಕೈ ಎದೆಗವಚಿಕೊಂಡು ಮೆಟ್ಟಿಲಿಳಿದು ಓಡಿದೆ.

ನೆಲದ ಮೇಲಿದ್ದವನು ಅವನು. ಕಲ್ಲಿನ ಬುಡದಲ್ಲಿ ಮುದುಡಿ, ತಲೆಗೆ ಎರಡೂ ಕೈ ಅಡ್ಡ ಕೊಟ್ಟು ಬಿದ್ದಿದ್ದ. ಚೇಚಿ ಅವನದೇ ಲುಂಗಿಯನ್ನು ನೀರಲ್ಲಿ ಅದ್ದಿ, ಹಗ್ಗದ ಹಾಗೆ ಹುರಿ ಮಾಡಿ, ಬಲೆ ಎಳೆದ ತೋಳುಗಳಿಂದ ಬೀಸುತ್ತಿದ್ದಳು. ಬೆನ್ನಿಗೆ, ತೊಡೆಗೆ, ಬೆನ್ನಿಗೆ. ಅಷ್ಟು ವರ್ಷ ಅವನು ಆರಿಸಿಕೊಂಡಿದ್ದ ಜಾಗಗಳಿಗೇ ಕೊಡುತ್ತಿದ್ದಳು. ಅವನು ಏಳಲು ಹೋದಾಗ ಲುಂಗಿ ಬಿಟ್ಟು ಅಂಗೈಯಿಂದ ಕಿವಿಯ ಮೇಲೆ ಬಾರಿಸಿದಳು. ಮತ್ತೆ ಕೂತ. ಮತ್ತೆ ಲುಂಗಿ. ಬಾಯಲ್ಲಿ ಒಂದು ಬೈಗುಳವಿಲ್ಲ, ಬಟ್ಟೆ ಒಗೆಯುವವಳ ಹಾಗೆ ಉಸಿರು ಬಿಡುತ್ತಿದ್ದಳು ಅಷ್ಟೆ. ಪಕ್ಕದ ಮನೆಯವರು ಗೋಡೆಯ ಮೇಲಿನಿಂದ ನೋಡುತ್ತಿದ್ದರು. ಅವರೂ ಇಳಿದು ಬರಲಿಲ್ಲ. ನಾನೂ ಬಿಡಿಸಲಿಲ್ಲ.

ಅವನು ಅಳತೊಡಗಿದ ಮೇಲೆ ಲುಂಗಿಯನ್ನು ಜಾಡಿಸಿ, ಹಗ್ಗದ ಮೇಲೆ ಹರವಿ, ನನ್ನ ಹತ್ತಿರ ಬಂದಳು. ಬಲಗೈ ಮುಂದೆ ಹಿಡಿದಳು. ಅಂಗೈ ಕೆಂಪಗೆ ಊದಿತ್ತು, ಬೆರಳುಗಳು ಗಡಗಡ ನಡುಗುತ್ತಿದ್ದವು. ಅಂದು ಬೆಂಚಿನಲ್ಲಿ ನಡುಗಿದ್ದು ಇದರ ಮುಂದೆ ಏನೂ ಅಲ್ಲ.

“ನೋಡು ಮೋಳೆ, ಎಲುಬು ಏನರ ಮುರದಾವೇನ?”

ನನ್ನ ಎಡಗೈಯಿಂದ ಒಂದೊಂದೇ ಎಲುಬು ಒತ್ತಿ ನೋಡಿದೆ. ಎಲ್ಲ ಸರಿಯಿದ್ದವು.

“ಮುಷ್ಟಿ ಕಟ್ಟಬಾರದು,” ಎಂದಳು. “ಮುಷ್ಟಿ ಕಟ್ಟಿದ್ರ ನಮ್ಮ ಎಲುಬು ಹೋಗ್ತದ. ನಿನಗ ನಿಮ್ಮಪ್ಪ ಇಷ್ಟೂ ಕಲಿಸಿಲ್ಲೇನ?” ಆಮೇಲೆ ಸ್ವಲ್ಪ ಹೆದರಿದವಳ ಹಾಗೆ, “ಸೋಮವಾರದೊಳಗ ಇಳೀತದಲ್ಲ?” ಎಂದು ಕೇಳಿದಳು.

“ಇಳೀತದ,” ಎಂದೆ. ನನಗೆ ಅಳು ಬಂತು. ಅವಳು ಒಳಗೆ ಹೋಗಿ ಕಾಯಿ ಅರೆದು ಹಾಕಿದ ಮೀನಿನ ಸಾರು ತಂದು, ಆ ನಡುಗುವ ಕೈಯಿಂದಲೇ ನನಗೆ ಬಡಿಸಿದಳು. ಅರ್ಧ ಸಾರು ನನ್ನ ಮಡಿಲಿಗೆ ಬಿತ್ತು.

ಸೋಮವಾರ ಅವಳು ಬೆಂಚಿಗೆ ಕೂತಳು. ನಾನು ಪರದೆಯ ಮುಂದೆ ಉಗುರು ಕಚ್ಚುತ್ತಾ ನಿಂತೆ. ಕೊಕ್ಕೆ ಎಳೆದಂತೆಲ್ಲ ತಂತಿಗಳು ತುಂಡಾದವು, ಪಾದಗಳು ಕದಲಲಿಲ್ಲ. ಅವನು ಎಲ್ಲೋ ಹೋದವನು ಕೆಲವು ತಿಂಗಳಾದ ಮೇಲೆ ಮರಳಿ ಬಂದ. ಮನುಷ್ಯ ಬದಲಾಗಿದ್ದಾನೆ ಎಂದು ಬರೆದರೆ ಸುಳ್ಳಾಗುತ್ತದೆ, ಅದೇ ಕಣ್ಣು, ಅದೇ ನಾಲಿಗೆ. ಚೇಚಿ ಅವನನ್ನು ಮುಂದಿನ ಕೋಣೆಯಿಂದ ಒಳಗೆ ಸೇರಿಸುವುದಿಲ್ಲ, ಅವನೂ ಈಗ ಕೈ ಎತ್ತುವುದಿಲ್ಲ. ಪ್ರತಿ ಭಾನುವಾರ ಸಂಜೆ ಅವಳನ್ನು, ನಾಳೆ ಕೆಲಸಕ್ಕೆ ಹೋಗುತ್ತೀಯಾ ಎಂದು ಬಾಗಿಲ ಆಚೆಯಿಂದಲೇ ಕೇಳುತ್ತಾನೆ. ಅವಳು ರಜೆ ಹಾಕಿದ ದಿನ ಅವನು ಮನೆಯಲ್ಲಿ ಇರುವುದಿಲ್ಲ.